ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಒಬ್ಬನೇ ನಾಯಕ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕ್ರೀಡಾಪುಟದಲ್ಲಿ ಬ್ಯಾಸ್ಕೆಟ್‌ಬಾಲ್ ಸುದ್ದಿ ಬಂದ ದಿನ ಅದನ್ನು ಮೊದಲು ಓದಿ ಆಮೇಲೆ ಮುಖಪುಟಕ್ಕೆ ಬರುವವರಲ್ಲಿ ನಾನೂ ಒಬ್ಬ. ಜಿಲ್ಲಾ ಮಟ್ಟದ ಪಂದ್ಯವಿರಲಿ, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಇರಲಿ, ಆ ವರದಿಗಳ ಅಚ್ಚು ಬಹುಮಟ್ಟಿಗೆ ಒಂದೇ: ಯಾರು ಗೆದ್ದರು, ಯಾರು ಎಷ್ಟು ಪಾಯಿಂಟ್ ಗಳಿಸಿದರು, ನಾಯಕ ಯಾರು. ಅತಿ ಹೆಚ್ಚು ಪಾಯಿಂಟ್ ಗಳಿಸಿದವರೇ ತಂಡವನ್ನು ಮುನ್ನಡೆಸಿದರು ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಈ ರೂಢಿ ಪತ್ರಿಕೆಯಲ್ಲಷ್ಟೇ ಉಳಿದಿದ್ದರೆ ಈ ಪತ್ರ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ತುಮಕೂರಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಶಾಲಾ ತಂಡಗಳನ್ನು ಕಟ್ಟಿದ, ನಿವೃತ್ತಿಯ ನಂತರವೂ ಸಂಜೆಯ ಹೊತ್ತು ಮಕ್ಕಳ ಅಭ್ಯಾಸಕ್ಕೆ ಹೋಗುತ್ತಿರುವ ಅನುಭವದಿಂದ ಹೇಳುವುದಾದರೆ, ನಮ್ಮ ತರಬೇತುದಾರರು ತಂಡ ಆರಿಸುವಾಗಲೂ ಇದೇ ಲೆಕ್ಕದಲ್ಲಿ ಯೋಚಿಸುತ್ತಾರೆ. ಎಲ್ಲರಿಗಿಂತ ಎತ್ತರದ ಹುಡುಗನನ್ನೋ, ಹೆಚ್ಚು ಬ್ಯಾಸ್ಕೆಟ್ ಹಾಕುವ ಹುಡುಗಿಯನ್ನೋ ನಾಯಕರೆಂದು ಹೆಸರಿಸಿ, ಉಳಿದವರು ಅವರ ಮುಖ ನೋಡುತ್ತ ಆಡಲಿ ಎಂದು ಬಿಟ್ಟುಬಿಡುತ್ತಾರೆ. ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಗೆದ್ದ ದೊಡ್ಡ ತಂಡಗಳು ನಡೆದ ದಾರಿ ಇದಲ್ಲ. ಅಲ್ಲಿ ನಾಯಕತ್ವವನ್ನು ಆಟಗಾರರ ನಡುವೆ ಹಂಚಲಾಗಿದೆ, ಮತ್ತು ಆ ಹಂಚಿಕೆ ತನ್ನಷ್ಟಕ್ಕೆ ಆದದ್ದಲ್ಲ, ಬೇಕೆಂದೇ ಮಾಡಿದ್ದು.

ನಾಯಕ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕ್ರಿಕೆಟ್ ನಾಯಕ. ತಂಡ ಫೀಲ್ಡಿಂಗ್ ಮಾಡುವಷ್ಟು ಹೊತ್ತೂ ಅವನು ಮೈದಾನದಲ್ಲಿರುತ್ತಾನೆ. ಪ್ರತಿ ಎಸೆತದ ನಂತರ ಆಟ ನಿಲ್ಲುತ್ತದೆ. ಫೀಲ್ಡರ್‌ನನ್ನು ನಾಲ್ಕು ಹೆಜ್ಜೆ ಸರಿಸಲು, ಬೌಲರ್ ಬದಲಿಸಲು, ಹಿರಿಯರೊಡನೆ ಎರಡು ಮಾತಾಡಲು ಅವನಿಗೆ ಬೇಕಾದಷ್ಟು ವ್ಯವಧಾನವಿದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಯಾವ ಅನುಕೂಲವೂ ಇಲ್ಲ. ಅಂತರರಾಷ್ಟ್ರೀಯ ಫೆಡರೇಷನ್ನಾದ ಫಿಬಾದ ನಿಯಮದಂತೆ ಪಂದ್ಯ ತಲಾ 10 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳದ್ದು, ಮತ್ತು ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬ್ಯಾಸ್ಕೆಟ್‌ಗೆ ಎಸೆಯಲೇಬೇಕು. ಈ ಕೊನೆಯಿಂದ ಆ ಕೊನೆಗೆ ಎಡೆಬಿಡದ ಓಟ. ಪ್ರತಿ ಸಲವೂ ಯಾರು ಯಾರನ್ನು ಹಿಡಿಯಬೇಕು, ಯಾರು ಅಡ್ಡ ನಿಂತು ಸ್ಕ್ರೀನ್ ಕೊಡಬೇಕು, ಯಾರು ಹಿಂದಕ್ಕೆ ಓಡಬೇಕು ಎಂಬುದನ್ನು ಕ್ಷಣದಲ್ಲಿ ನಿರ್ಧರಿಸಬೇಕು. ಬದಲಿ ಆಟಗಾರರನ್ನು ಇಳಿಸುವುದಕ್ಕೆ ಮಿತಿಯಿಲ್ಲದಿರುವುದರಿಂದ ಅಂಕಣದ ಮೇಲಿನ ಐವರು ಯಾವಾಗಲೂ ಅದೇ ಐವರಾಗಿರುವುದಿಲ್ಲ. ಐದನೇ ಫೌಲ್ ಮಾಡಿದವನು, ಅವನು ನಾಯಕನೇ ಆಗಿರಲಿ, ಹೊರನಡೆಯಬೇಕು.

ತರಬೇತುದಾರ ಇದ್ದಾನಲ್ಲ ಎನ್ನಬಹುದು. ಅವನಿಗೆ ಸಿಗುವುದು ಮೊದಲಾರ್ಧದಲ್ಲಿ ಎರಡು, ದ್ವಿತೀಯಾರ್ಧದಲ್ಲಿ ಮೂರು ಟೈಮ್‌ಔಟ್, ಅದೂ ಒಂದೊಂದು ನಿಮಿಷದ್ದು. ಇನ್ನು ನಿಯಮಪುಸ್ತಕ ನಾಯಕನಿಗೆ ಕೊಟ್ಟಿರುವ ಅಧಿಕಾರವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಚೆಂಡು ನಿಂತು ಗಡಿಯಾರವೂ ನಿಂತಾಗ ರೆಫರಿಯೊಡನೆ ವಿನಯದಿಂದ ಮಾತಾಡಿ ವಿವರಣೆ ಕೇಳಬಹುದು; ತರಬೇತುದಾರನೂ ಸಹಾಯಕನೂ ಇಲ್ಲದಿದ್ದರೆ ಆ ಹೊಣೆ ಹೊರಬೇಕು. ಟೈಮ್‌ಔಟ್ ಕೇಳುವ ಹಕ್ಕು ಕೂಡ ಫಿಬಾ ನಿಯಮದಲ್ಲಿ ಅವನಿಗಿಲ್ಲ. ಅದನ್ನು ಮುಖ್ಯ ತರಬೇತುದಾರನೋ ಮೊದಲ ಸಹಾಯಕನೋ ಕೇಳಬೇಕು. ಅಂದರೆ ನಾಯಕನ ಮೇಲೆ ನಾವು ಹೊರಿಸುತ್ತಿರುವ ಭಾರವನ್ನು ನಿಯಮವೂ ಹೊರಿಸಿಲ್ಲ.

ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಕತ್ರಿನ್ ಫ್ರಾನ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಮ್ಮ ತರಬೇತುದಾರರು ಗಮನಿಸಬೇಕು. ಒಂಬತ್ತು ತಂಡ ಕ್ರೀಡೆಗಳ 4,451 ಆಟಗಾರರನ್ನೂ ತರಬೇತುದಾರರನ್ನೂ ಅವರು ಕೇಳಿದ್ದು, ನಿಮ್ಮ ತಂಡದಲ್ಲಿ ಯಾವ ಕೆಲಸಕ್ಕೆ ಯಾರು ನಿಜವಾದ ಮುಂದಾಳು ಎಂದು. ಆಟದ ಮಧ್ಯೆ ತಂತ್ರ ಹೇಳಿಕೊಡುವುದು, ಸೋಲುವ ಹೊತ್ತಿನಲ್ಲಿ ಹುರಿದುಂಬಿಸುವುದು, ಅಂಕಣದ ಹೊರಗೆ ತಂಡದೊಳಗಿನ ಸೌಹಾರ್ದವನ್ನು ಕಾಯುವುದು, ಆಡಳಿತ ಮಂಡಳಿ ಮತ್ತು ಪತ್ರಕರ್ತರ ಎದುರು ತಂಡದ ಪರವಾಗಿ ಮಾತಾಡುವುದು, ಹೀಗೆ ನಾಲ್ಕು ಬಗೆಯ ಕೆಲಸಗಳನ್ನು ಅವರು ಬೇರೆಬೇರೆಯಾಗಿ ಮುಂದಿಟ್ಟರು. ಉತ್ತರಿಸಿದವರಲ್ಲಿ ಶೇ 44ರಷ್ಟು ಮಂದಿಯ ಪ್ರಕಾರ ತಂಡದ ನಾಯಕ ಈ ನಾಲ್ಕರಲ್ಲಿ ಒಂದರಲ್ಲೂ ಪ್ರಮುಖ ಮುಂದಾಳಾಗಿರಲಿಲ್ಲ. ನಾಯಕರ ಆಯ್ಕೆ ತಪ್ಪಾಗಿತ್ತು ಎಂದು ಇದನ್ನು ಓದಬೇಕಾಗಿಲ್ಲ. ಈ ಕೆಲಸಗಳು ಒಬ್ಬರ ಸ್ವಭಾವದಲ್ಲಿ ಒಟ್ಟಿಗೆ ಸಿಗುವಂಥವಲ್ಲ ಎಂದೇ ನನ್ನ ತಿಳಿವಳಿಕೆ. ರೆಫರಿಯ ಮುಂದೆ ತಾಳ್ಮೆಯಿಂದ ನಿಲ್ಲಬಲ್ಲವನು ಸಂಗಡಿಗನನ್ನು ಗದರಿಸಲಾರ; ಗದರಿಸಬಲ್ಲವನನ್ನು ರೆಫರಿಯ ಹತ್ತಿರ ಕಳಿಸಿದರೆ ಅನುಚಿತ ವರ್ತನೆಗೆ ಬೀಳುವ ಟೆಕ್ನಿಕಲ್ ಫೌಲ್ ತಂದುಕೊಂಡು ಬರುತ್ತಾನೆ.

ಈ ಹಂಚಿಕೆಯನ್ನು ಬಹಳ ಕಾಲ, ಬಹಳ ಶ್ರದ್ಧೆಯಿಂದ ನಡೆಸಿಕೊಂಡು ಬಂದ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್. ಗ್ರೆಗ್ ಪೊಪೊವಿಚ್ ಅವರ ತರಬೇತಿಯಲ್ಲಿ ಟಿಮ್ ಡಂಕನ್, ಫ್ರಾನ್ಸಿನ ಟೋನಿ ಪಾರ್ಕರ್, ಅರ್ಜೆಂಟೀನಾದ ಮನು ಜಿನೊಬಿಲಿ ಮೂವರೂ ಒಟ್ಟಿಗೆ ಆಡಿ 2003, 2005, 2007 ಮತ್ತು 2014ರಲ್ಲಿ ಎನ್‌ಬಿಎ ಪ್ರಶಸ್ತಿ ಗೆದ್ದರು. ಆ ನಾಲ್ಕು ಫೈನಲ್‌ಗಳ ಶ್ರೇಷ್ಠ ಆಟಗಾರ ಪ್ರಶಸ್ತಿ ಯಾರ ಪಾಲಾಯಿತು ಎಂದು ನೋಡಿ: ಮೊದಲೆರಡು ಡಂಕನ್‌ಗೆ, ಮೂರನೆಯದು ಪಾರ್ಕರ್‌ಗೆ, ನಾಲ್ಕನೆಯದು ಆಗಿನ್ನೂ 22 ವರ್ಷದವನಾಗಿದ್ದ ಕವಾಯ್ ಲೆನಾರ್ಡ್‌ಗೆ. ಜಿನೊಬಿಲಿಯ ಕಥೆ ಇನ್ನೂ ವಿಶೇಷವಾದದ್ದು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದ ಅರ್ಜೆಂಟೀನಾ ತಂಡದ ಮುಖ್ಯ ಆಟಗಾರ ಆತ. ಜಗತ್ತಿನ ಬೇರೆ ಯಾವ ತಂಡದಲ್ಲಾದರೂ ಮೊದಲ ಐವರಲ್ಲಿ ನಿಲ್ಲಬಹುದಾಗಿದ್ದ ಅಂಥವನು ವರ್ಷಗಟ್ಟಲೆ ಬೆಂಚಿನಿಂದ ಎದ್ದು ಬಂದು ಆಡಿದ. 2008ರಲ್ಲಿ ಆರನೇ ಆಟಗಾರನಿಗೆಂದೇ ಇರುವ ವಾರ್ಷಿಕ ಪ್ರಶಸ್ತಿಯನ್ನೂ ಪಡೆದ. ಬೆಂಚಿನ ಮೇಲೆ ಕುಳಿತವನು ಎರಡನೇ ದರ್ಜೆಯವನು ಎಂಬ ಭಾವನೆ ನಮ್ಮ ಮಕ್ಕಳಿಗಿಂತ ಅವರ ತಂದೆತಾಯಿಗಳಲ್ಲೇ ಹೆಚ್ಚು ಆಳವಾಗಿ ಕುಳಿತಿದೆ. ಅವರಿಗೆ ಈ ಸಂಗತಿಯನ್ನು ಹೇಳಬೇಕು. ಡಂಕನ್ 2012ರಲ್ಲಿ ಸಂಬಳವನ್ನು ಬಹಳಷ್ಟು ಇಳಿಸಿಕೊಂಡು ಹೊಸ ಕರಾರಿಗೆ ಸಹಿ ಹಾಕಿದ್ದನ್ನೂ ನಾನು ನಾಯಕತ್ವವೆಂದೇ ಎಣಿಸುತ್ತೇನೆ, ಏಕೆಂದರೆ ತಂಡಗಳ ಒಟ್ಟು ಸಂಬಳಕ್ಕೆ ಮಿತಿ ಹೇರಿರುವ ಆ ಲೀಗಿನಲ್ಲಿ ಒಬ್ಬ ಬಿಟ್ಟುಕೊಟ್ಟ ಹಣದಿಂದಲೇ ಇನ್ನಿಬ್ಬರು ಉಳಿಯುವುದು ಸಾಧ್ಯವಾಗುತ್ತದೆ.

2013ರ ಫೈನಲ್‌ನ ಆರನೇ ಪಂದ್ಯದಲ್ಲಿ ಗೆಲುವು ಕೈಗೆ ಬಂದಿದ್ದಾಗ, ಕೊನೆಯ ಕೆಲವು ಸೆಕೆಂಡುಗಳಲ್ಲಿ ಎದುರಾಳಿ ಮಯಾಮಿ ಹೀಟ್‌ನ ಕ್ರಿಸ್ ಬಾಷ್ ಗುರಿ ತಪ್ಪಿ ಮರಳಿದ ಚೆಂಡನ್ನು (ರೀಬೌಂಡ್) ಹಿಡಿದು ರೇ ಅಲೆನ್‌ಗೆ ಪಾಸ್ ಕೊಟ್ಟ. ಅಲೆನ್ ಮೂಲೆಯಿಂದ ಮೂರು ಪಾಯಿಂಟ್ ಹಾಕಿ ಪಂದ್ಯವನ್ನು ಸಮ ಮಾಡಿದ. ಆ ಗಳಿಗೆಯಲ್ಲಿ ಡಂಕನ್ ಬೆಂಚಿನಲ್ಲಿದ್ದ. ಪೊಪೊವಿಚ್ ಅವರ ಆ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಎಷ್ಟು ದೊಡ್ಡ ಆಟಗಾರನಾದರೂ ನಿರ್ಣಾಯಕ ಕ್ಷಣದಲ್ಲಿ ಅಂಕಣದ ಹೊರಗಿರಬಹುದು ಎಂಬುದಷ್ಟೇ ನನಗೆ ಇಲ್ಲಿ ಮುಖ್ಯ. ಆ ಸರಣಿಯನ್ನು ಸೋತ ಸ್ಪರ್ಸ್ ಮರುವರ್ಷ ಇನ್ನಷ್ಟು ಹಂಚಿಕೊಂಡು ಆಡಿತು. 2013-14ರ ಲೀಗ್ ಹಂತದಲ್ಲಿ ಆ ತಂಡದ ಯಾವ ಆಟಗಾರನೂ ಸರಾಸರಿ 30 ನಿಮಿಷ ಆಡಲಿಲ್ಲ, ಎನ್‌ಬಿಎಯ 48 ನಿಮಿಷಗಳ ಪಂದ್ಯದಲ್ಲಿ. ಆದರೂ 62 ಪಂದ್ಯ ಗೆದ್ದರು. ಅದೇ ಮಯಾಮಿಯನ್ನು ಫೈನಲ್‌ನಲ್ಲಿ 4-1ರಿಂದ ಮಣಿಸಿದರು. ಐದು ಪಂದ್ಯಗಳ ಅಂತರವನ್ನು ಕೂಡಿದರೆ 70 ಪಾಯಿಂಟ್.

ಎನ್‌ಬಿಎಯ ಇನ್ನೊಂದು ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2018ರ ಫೆಬ್ರುವರಿ 12ರಂದು ಫೀನಿಕ್ಸ್ ಸನ್ಸ್ ವಿರುದ್ಧದ ಪಂದ್ಯದಲ್ಲಿ ತರಬೇತುದಾರ ಸ್ಟೀವ್ ಕರ್ ತಂತ್ರ ಬರೆಯುವ ಬೋರ್ಡನ್ನು ಆಟಗಾರರ ಕೈಗೇ ಕೊಟ್ಟುಬಿಟ್ಟರು. ಆಂಡ್ರೆ ಇಗ್ವೊಡಾಲ, ಡ್ರೇಮಂಡ್ ಗ್ರೀನ್, ಡೇವಿಡ್ ವೆಸ್ಟ್ ಸರದಿಯಂತೆ ಟೈಮ್‌ಔಟ್‌ನಲ್ಲಿ ಬೋರ್ಡಿನ ಮೇಲೆ ಗೆರೆ ಎಳೆದು ಆಟ ಹೇಳಿಕೊಟ್ಟರು. ತಂಡ 129-83ರಿಂದ ಗೆದ್ದಿತು. ಎದುರಾಳಿ ತಂಡ ದುರ್ಬಲವಾಗಿತ್ತು, ಇದನ್ನು ಅವಮಾನವೆಂದು ಎಣಿಸಿದವರೂ ಅಲ್ಲಿದ್ದರು. ಆ 46 ಪಾಯಿಂಟ್‌ಗಳ ಅಂತರದಿಂದ ಏನನ್ನೂ ಸಾಧಿಸಿ ತೋರಿಸಿದಂತಾಗಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ನನ್ನನ್ನು ಹಿಡಿದಿಟ್ಟಿದ್ದು ಬೇರೆಯ ಸಂಗತಿ. ಬೋರ್ಡು ಹಿಡಿದವರಲ್ಲಿ ಇಗ್ವೊಡಾಲ ಇದ್ದ. ವಾರಿಯರ್ಸ್ ಸೇರಿದ ಮೊದಲ ವರ್ಷದವರೆಗೂ ಲೀಗಿನ ಪ್ರತಿ ಪಂದ್ಯವನ್ನೂ ಮೊದಲ ಐವರಲ್ಲೇ ಆರಂಭಿಸಿದ್ದ ಅವನನ್ನು ಕರ್ 2014ರಲ್ಲಿ ಬೆಂಚಿಗೆ ಕೂರಿಸಿ, ಕಿರಿಯನಾದ ಹ್ಯಾರಿಸನ್ ಬಾರ್ನ್ಸ್‌ಗೆ ಆ ಸ್ಥಾನ ಕೊಟ್ಟಿದ್ದರು. 2015ರ ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ಮತ್ತೆ ಮೊದಲ ಐವರಲ್ಲಿ ಇಳಿದ ಆತ, ಆ ಸರಣಿಯ ಶ್ರೇಷ್ಠ ಆಟಗಾರನಾದ. ಸ್ಥಾನ ಕಳೆದುಕೊಂಡವನ ಮಾತಿಗೆ ತಂಡದಲ್ಲಿ ಬೆಲೆ ಕಡಿಮೆಯಾಗದಂತೆ ಕಾಯ್ದುಕೊಂಡದ್ದರಲ್ಲಿ ಕರ್ ಅವರ ಜಾಣ್ಮೆಯಿದೆ.

ಹಂಚಿಕೊಂಡ ನಾಯಕತ್ವದಲ್ಲಿ ತಿಕ್ಕಾಟವಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದೇ ವಾರಿಯರ್ಸ್‌ನಲ್ಲಿ 2018ರ ನವೆಂಬರ್‌ನಲ್ಲಿ ಗ್ರೀನ್ ಮತ್ತು ಕೆವಿನ್ ಡುರಾಂಟ್ ನಡುವೆ ಪಂದ್ಯದ ಕೊನೆಯ ಚೆಂಡಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ತಂಡ ಗ್ರೀನ್‌ನನ್ನು ಒಂದು ಪಂದ್ಯದಿಂದ ಹೊರಗಿಟ್ಟಿತು. 2019ರಲ್ಲಿ ಡುರಾಂಟ್ ತಂಡವನ್ನೇ ಬಿಟ್ಟ. ಮಾತಾಡುವ ಹಕ್ಕನ್ನು ಹಲವರಿಗೆ ಕೊಟ್ಟಾಗ ಮಾತು ಮೀರುವ ಅಪಾಯವೂ ಜೊತೆಗೇ ಬರುತ್ತದೆ. ಆದರೆ ಇಬ್ಬರು ಘಟಾನುಘಟಿಗಳು ಹೊಂದಿಕೊಳ್ಳದ ತಂಡದ ಗತಿಯೂ ನಮ್ಮ ಮುಂದಿದೆ. 2004ರ ಫೈನಲ್‌ನಲ್ಲಿ ಶಕೀಲ್ ಓನೀಲ್ ಮತ್ತು ಕೋಬಿ ಬ್ರ್ಯಾಂಟ್ ಇದ್ದ ಲಾಸ್ ಏಂಜಲಿಸ್ ಲೇಕರ್ಸ್, ಅಂಥ ಒಬ್ಬ ತಾರೆಯೂ ಇಲ್ಲದ ಡೆಟ್ರಾಯಿಟ್ ಪಿಸ್ಟನ್ಸ್ ಎದುರು 4-1ರಿಂದ ಸೋತಿತು, ಮತ್ತು ಓನೀಲ್ ಆ ಬೇಸಿಗೆಯಲ್ಲೇ ಮಯಾಮಿಗೆ ಹೋದ.

ಮೈಕಲ್ ಜೋರ್ಡಾನ್ ಒಬ್ಬನೇ ಶಿಕಾಗೊ ಬುಲ್ಸ್‌ಗೆ ಆರು ಪ್ರಶಸ್ತಿ ತಂದುಕೊಟ್ಟನಲ್ಲ ಎಂದು ಕೇಳುವವರು ಈ ಊರಿನಲ್ಲೂ ಇದ್ದಾರೆ. ಅವರಿಗೆ ನನ್ನ ಉತ್ತರ ಚಿಕ್ಕದು. 1993ರ ಪ್ರಶಸ್ತಿಯನ್ನು ಖಚಿತಪಡಿಸಿದ ಕೊನೆಯ ಎಸೆತ ಜಾನ್ ಪ್ಯಾಕ್ಸನ್‌ನದು. 1997ರಲ್ಲಿ ಜೋರ್ಡಾನ್‌ನಿಂದ ಪಾಸ್ ಪಡೆದು ಆ ಕೆಲಸ ಮಾಡಿದವನು ಸ್ಟೀವ್ ಕರ್, ಮುಂದೆ ಬೋರ್ಡನ್ನು ಆಟಗಾರರಿಗೆ ಒಪ್ಪಿಸಿದ ಅದೇ ಕರ್. ಇಬ್ಬರು ಎದುರಾಳಿಗಳು ತನ್ನ ಮೇಲೆ ಬೀಳುತ್ತಾರೆಂದು ತಿಳಿದು ಚೆಂಡನ್ನು ಕೊಟ್ಟದ್ದರಲ್ಲೂ ಜೋರ್ಡಾನ್‌ನ ದೊಡ್ಡತನವಿದೆ.

ಇನ್ನು ನಮ್ಮ ಜಿಲ್ಲೆಯ ಮಾತು. ಇಲ್ಲಿ ವೃತ್ತಿಪರ ತಂಡವಿಲ್ಲ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯುವ ದೊಡ್ಡ ಪಂದ್ಯಗಳನ್ನು ನೋಡಿ ಬರುವುದೇ ನಮ್ಮ ಮಕ್ಕಳಿಗೆ ಹಬ್ಬ. 2019ರ ಮಹಿಳಾ ಏಷ್ಯಾ ಕಪ್ ಅಲ್ಲೇ ನಡೆದು, ಎತ್ತರದಲ್ಲಿ ಚೀನಾಕ್ಕಿಂತ ಕುಳ್ಳಗಿದ್ದ ಜಪಾನ್ 71-68ರಿಂದ ಫೈನಲ್ ಗೆದ್ದಿತ್ತು. ಆದರೆ ಎಲ್ಲವನ್ನೂ ಒಬ್ಬ ನಾಯಕನ ಮೇಲೆ ಹೊರಿಸುವ ಸಮಸ್ಯೆ ಸಂಬಳ ಪಡೆಯುವ ತಂಡಗಳಿಗಷ್ಟೇ ಸೀಮಿತವಲ್ಲ. ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಬಂದು ಇಲ್ಲಿ ಓದುತ್ತಿರುವ ಹುಡುಗಿಯರ ತಂಡವೊಂದು ಸಂಜೆ ಅಭ್ಯಾಸ ಪಂದ್ಯ ಆಡುತ್ತಿತ್ತು. ಐದಡಿ ಒಂಬತ್ತಂಗುಲದ ನಾಯಕಿ ನಾಲ್ಕು ಫೌಲ್ ಆದ ಮೇಲೆ ಬೆಂಚಿಗೆ ಬಂದು ಕುಳಿತಳು. ಅಂಕಣದಲ್ಲಿದ್ದ ಐವರೂ ಒಮ್ಮೆ ಅವಳತ್ತ, ಒಮ್ಮೆ ತರಬೇತುದಾರರತ್ತ ನೋಡುತ್ತಿದ್ದರು. 'ಅಕ್ಕಾ, ನಾನ್ ಯಾರನ್ನ ಹಿಡೀಲಿ?' ಎಂದು ಒಬ್ಬಳು ಓಡುತ್ತಲೇ ಕೇಳಿದಳು. ಉತ್ತರ ಬರುವಷ್ಟರಲ್ಲಿ ಅವಳು ಹಿಡಿಯಬೇಕಾಗಿದ್ದವಳು ಬ್ಯಾಸ್ಕೆಟ್ ಹತ್ತಿರಕ್ಕೇ ಓಡಿ ಲೇಅಪ್ ಹಾಕಿ ಹಿಂದಿರುಗಿದ್ದಳು. ಇದು ಎರಡು ಮೂರು ಸಲ ಆದ ಮೇಲೆ, ಎಲ್ಲರಿಗಿಂತ ಗಿಡ್ಡಗಿದ್ದ ಪಾವಗಡದ ಹುಡುಗಿಯೊಬ್ಬಳು ತೆಲುಗಿನಲ್ಲಿ 'ವೆನಕ! ವೆನಕ!' ಎಂದು ಕೂಗತೊಡಗಿದಳು, ಹಿಂದೆ ಬರುತ್ತಿದ್ದಾಳೆ ನೋಡಿಕೋ ಎಂದು. ಕನ್ನಡದವರಿಗೂ ಉರ್ದುವಿನವರಿಗೂ ಅದು ಅರ್ಥವಾಯಿತು. ನಾಯಕಿ ಮತ್ತೆ ಒಳಗೆ ಬಂದಾಗ ಅವಳೂ 'ವೆನಕ' ಎಂದೇ ಕೂಗುತ್ತಿದ್ದಳು. ಒಂಬತ್ತನೇ ತರಗತಿಯ ಆ ಹುಡುಗಿಯನ್ನು ಯಾರೂ ಏನಾಗಿಯೂ ನೇಮಿಸಿರಲಿಲ್ಲ. ಅಂಕಣದ ಹಿಂಬದಿಯಲ್ಲಿ ನಿಲ್ಲುತ್ತಿದ್ದುದರಿಂದ ಆಟ ಪೂರ್ತಿ ಕಾಣುತ್ತಿದ್ದುದು ಅವಳಿಗೆ ಮಾತ್ರ. ಸಿದ್ಧಗಂಗೆಯ ತೇರು ಎಳೆಯುವಾಗ ಮುಂದೆ ಹಗ್ಗ ಹಿಡಿದವರಿಗೆ ಗಾಲಿ ಕಾಣುವುದಿಲ್ಲ. ಗಾಲಿಗೆ ಮರದ ತುಂಡು ಕೊಡುವವನ ಕೂಗನ್ನು ನಂಬಿಯೇ ಅವರು ಎಳೆಯುವುದು, ನಿಲ್ಲಿಸುವುದು.

ಇಂಥ ಹುಡುಗಿಯರ ಬಾಯಿ ಮುಚ್ಚಿಸುವುದು ಗೆರೆಯಾಚೆಯಿಂದ ಬರುವ ಕೂಗಾಟ. ನಮ್ಮಲ್ಲಿ ಶಾಲಾ ಪಂದ್ಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತರಬೇತುದಾರರು 'ಪಾಸ್ ಮಾಡೋ', 'ಶೂಟ್ ಮಾಡೋ', 'ಅಲ್ಲಲ್ಲ, ಈ ಕಡೆ' ಎಂದು ನಲವತ್ತು ನಿಮಿಷವೂ ಕೂಗುತ್ತಾರೆ. ಅವರು ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಪೋಷಕರು ಕೂಗುತ್ತಾರೆ. ಹೀಗೆ ಆಡಿದ ಮಗು ಅಂಕಣದಲ್ಲಿ ಏನು ಕಾಣುತ್ತಿದೆ ಎಂಬುದಕ್ಕಿಂತ ಹೊರಗಿನಿಂದ ಏನು ಕೇಳಿಬರುತ್ತಿದೆ ಎಂಬುದಕ್ಕೆ ಹೆಚ್ಚು ಗಮನ ಕೊಡುವುದನ್ನು ಕಲಿಯುತ್ತದೆ, ಮತ್ತು ಮುಂದೆ ಯಾವುದಾದರೂ ಲೀಗಿನ ಆಯ್ಕೆ ಶಿಬಿರಕ್ಕೆ ಹೋದಾಗ ಕೈಯಲ್ಲಿ ಆಟವಿದ್ದೂ ಬಾಯಲ್ಲಿ ಮಾತಿಲ್ಲದೆ ಹಿಂದೆ ಬೀಳುತ್ತದೆ. ಬೇರೆಬೇರೆ ರಾಜ್ಯಗಳ ಆಟಗಾರರನ್ನು ಕೆಲವೇ ವಾರಗಳ ಮಟ್ಟಿಗೆ ಒಂದುಗೂಡಿಸುವ ನಮ್ಮ ದೇಶದ ಫ್ರಾಂಚೈಸಿ ಲೀಗುಗಳಲ್ಲಿ, ಪರಸ್ಪರ ಪರಿಚಯವೇ ಇಲ್ಲದ ಐವರು ಮೊದಲ ದಿನದಿಂದಲೇ ಒಬ್ಬರಿಗೊಬ್ಬರು ದಾರಿ ಹೇಳುತ್ತ ಆಡಬೇಕಾಗುತ್ತದೆ. 2015ರಲ್ಲಿ ಆರಂಭವಾದ ಯುಬಿಎ ಲೀಗಿನಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. ಅಂಥ ತಂಡಕ್ಕೆ ನಮ್ಮ ಜಿಲ್ಲೆಯ ಮಕ್ಕಳು ಮುಂದೆಂದಾದರೂ ಸೇರಬೇಕಾದರೆ ಎತ್ತರ ಮತ್ತು ಗುರಿ ಎರಡೇ ಸಾಲವು.

ಆದ್ದರಿಂದ ತರಬೇತುದಾರ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ನಾಯಕನ ಹೆಸರನ್ನು ಸ್ಕೋರ್‌ಶೀಟಿನಲ್ಲಿ ಬರೆಯುವುದು ನಿಯಮ, ಬರೆಯಿರಿ. ಆದರೆ ತಂಡದ ಎದುರಿಗೇ ಇನ್ನಿಬ್ಬರು ಮೂವರಿಗೆ ಬೇರೆಬೇರೆ ಹೊಣೆ ಒಪ್ಪಿಸಿ. ರಕ್ಷಣೆಯಲ್ಲಿ ಕೂಗಿ ಹೇಳುವವರು ಇಂಥವರು, ದಾಳಿಯ ವೇಗ ನಿರ್ಧರಿಸುವವರು ಇಂಥವರು, ಬೆಂಚಿನಲ್ಲಿ ಕುಳಿತು ಎದುರಾಳಿಯ ಫೌಲ್ ಲೆಕ್ಕ ಇಟ್ಟು ತಿಳಿಸುವವರು ಇಂಥವರು ಎಂದು ಹೆಸರು ಹಿಡಿದು ಹೇಳಿ. ಹೇಳಿದ ಮೇಲೆ ಅವರ ಮಾತನ್ನು ಅಂಕಣದ ಹೊರಗಿನಿಂದ ಕತ್ತರಿಸಬೇಡಿ. ಅವರ ನಿರ್ಧಾರ ತಪ್ಪಾಗಿ ಎರಡು ಪಾಯಿಂಟ್ ಹೋದರೂ ಕ್ವಾರ್ಟರ್ ಮುಗಿಯುವವರೆಗೆ ಸುಮ್ಮನಿರಿ. ಅಭ್ಯಾಸ ಪಂದ್ಯಗಳಲ್ಲಿ ಒಂದು ಟೈಮ್‌ಔಟನ್ನಾದರೂ ಪೂರ್ತಿ ಮಕ್ಕಳಿಗೇ ಬಿಟ್ಟುಕೊಡಿ. ಮೊದಮೊದಲು ಅವರು ನೀರು ಕುಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುತ್ತಾರೆ. ಸ್ವಲ್ಪ ದಿನ ಕಳೆದ ಮೇಲೆ ಆ ಒಂದು ನಿಮಿಷ ಅವರಿಗೇ ಸಾಲದಾಗುತ್ತದೆ.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ಕೋರಿಕೆಯಿದೆ. ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಜಪಾನ್‌ನ ರುಯಿ ಮಾಚಿದಾ 18 ಅಸಿಸ್ಟ್ ಕೊಟ್ಟು ಒಲಿಂಪಿಕ್ಸ್ ದಾಖಲೆ ಬರೆದರು. ಅಸಿಸ್ಟ್ ಎಂದರೆ ನೇರವಾಗಿ ಸಂಗಡಿಗರ ಬ್ಯಾಸ್ಕೆಟ್‌ಗೆ ಕಾರಣವಾದ ಪಾಸ್. ಪಾಯಿಂಟ್ ಲೆಕ್ಕದಲ್ಲಷ್ಟೇ ನೋಡಿದ್ದರೆ ಅವರ ಹೆಸರು ವರದಿಯಲ್ಲಿ ಬರುತ್ತಿರಲಿಲ್ಲ. ನಮ್ಮ ಶಾಲಾ, ಕಾಲೇಜು ಪಂದ್ಯಗಳ ಅಧಿಕೃತ ಸ್ಕೋರ್‌ಶೀಟಿನಲ್ಲಿ ಪಾಯಿಂಟ್, ಫೌಲ್, ಟೈಮ್‌ಔಟ್‌ಗಳಿಗೆ ಜಾಗವಿದೆ, ಅಸಿಸ್ಟ್‌ಗೆ ಇಲ್ಲ. ಹಾಗಾಗಿ ವರದಿಗಾರರು ಕೇಳಿದರೂ ಆ ಅಂಕಿ ಸಿಗುವುದಿಲ್ಲ. ಸಂಘಟಕರು ಟೇಬಲ್ ಅಧಿಕಾರಿಗಳ ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ಇಬ್ಬರು ಹಿರಿಯ ವಿದ್ಯಾರ್ಥಿಗಳನ್ನು ಕೂರಿಸಿದರೆ ಈ ಲೆಕ್ಕ ಖರ್ಚಿಲ್ಲದೆ ಸಿಗುತ್ತದೆ. ಮುಂದಿನ ದಸರಾ ಕ್ರೀಡಾಕೂಟದ ಹೊತ್ತಿಗೆ ನಿಮ್ಮ ಜಿಲ್ಲಾ ವರದಿಗಾರರು ಸಂಘಟಕರಿಂದ ಅದನ್ನು ಕೇಳಿ ಪಡೆದು, ಹೆಚ್ಚು ಪಾಯಿಂಟ್ ಗಳಿಸಿದವರ ಹೆಸರಿನ ಕೆಳಗೆ ಹೆಚ್ಚು ಅಸಿಸ್ಟ್ ಕೊಟ್ಟವರ ಹೆಸರನ್ನೂ ಒಂದು ಸಾಲಿನಲ್ಲಿ ಅಚ್ಚುಮಾಡಬೇಕೆಂದು ಕೋರುತ್ತೇನೆ. ಲೆಕ್ಕ ಬರೆಯುವುದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡಲು ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ತುಮಕೂರು